ವರ್ಷದ ಮೆಚ್ಚಿನವುಗಳನ್ನೂ ಸಣ್ಣ ಸಂತೋಷಗಳನ್ನೂ ಹಿಂದಿರುಗಿ ನೋಡಿ ಬರೆದಿಡುವ ಕ್ರಮ

ವರ್ಷ ಹೇಗೆ ಕಳೆಯಿತು ಎಂದು ಯಾರಾದರೂ ಕೇಳಿದರೆ ನಮ್ಮಲ್ಲಿ ಹೆಚ್ಚಿನವರಿಗೆ ತಕ್ಷಣ ನೆನಪಾಗುವುದು ಮೂರೋ ನಾಲ್ಕೋ ದೊಡ್ಡ ಸಂಗತಿಗಳು ಮಾತ್ರ. ಕೆಲಸ ಬದಲಾದದ್ದು, ಮನೆಯಲ್ಲಿ ಯಾರೋ ಹಾಸಿಗೆ ಹಿಡಿದದ್ದು, ಒಂದು ದೂರದ ಪ್ರಯಾಣ, ಒಂದು ಜಗಳ. ಉಳಿದ ಮುನ್ನೂರಕ್ಕೂ ಹೆಚ್ಚು ದಿನಗಳು ಎಲ್ಲಿ ಹೋದವು ಎಂಬುದಕ್ಕೆ ಉತ್ತರವೇ ಇರುವುದಿಲ್ಲ. ಆದರೆ ಆ ದಿನಗಳನ್ನು ನಾವು ಬದುಕಿದ್ದೇವೆ, ಅವುಗಳಲ್ಲಿ ಅನೇಕ ದಿನಗಳಂದು ಯಾವುದೋ ಒಂದು ಹಾಡಿಗಾಗಿ, ಒಂದು ಪುಸ್ತಕದ ಮುಂದಿನ ಅಧ್ಯಾಯಕ್ಕಾಗಿ, ಗೆಳತಿಯ ಒಂದು ಕರೆಗಾಗಿ ಮನಸ್ಸು ಕಾದಿದೆ, ಅದು ಸಿಕ್ಕಾಗ ಹಗುರಾಗಿದೆ. ಅವುಗಳನ್ನು ಮರೆವಿನಿಂದ ಮರಳಿ ತಂದು ಬರೆದಿಡುವುದು ಹೇಗೆ ಎಂಬುದೇ ಈ ಲೇಖನದ ವಿಷಯ.

ಇದಕ್ಕೆ ಒಂದು ಕ್ರಮ ಬೇಕು ಎಂದು ನಾನು ಹೇಳುವುದಕ್ಕೆ ಕಾರಣ ನಮ್ಮ ನೆನಪು ಕೆಲಸ ಮಾಡುವ ರೀತಿ. ಮನೋವಿಜ್ಞಾನಿ ಡೇನಿಯಲ್ ಕಾಹ್ನೆಮನ್ ಮತ್ತು ಸಂಗಡಿಗರು 1993ರಲ್ಲಿ ಪ್ರಕಟಿಸಿದ ಒಂದು ಪ್ರಯೋಗದಲ್ಲಿ ಜನರು ಒಂದು ಕೈಯನ್ನು 14 ಡಿಗ್ರಿ ಸೆಲ್ಸಿಯಸ್ ತಣ್ಣನೆಯ ನೀರಿನಲ್ಲಿ 60 ಸೆಕೆಂಡು ಇಟ್ಟರು. ಇನ್ನೊಂದು ಸಲ ಅದೇ 60 ಸೆಕೆಂಡಿನ ಮೇಲೆ ಮತ್ತೆ 30 ಸೆಕೆಂಡು ಇಟ್ಟರು, ಆ ಕೊನೆಯ ಅವಧಿಯಲ್ಲಿ ನೀರನ್ನು ಸುಮಾರು ಒಂದು ಡಿಗ್ರಿಯಷ್ಟು ಬೆಚ್ಚಗೆ ಮಾಡಲಾಯಿತು. ಯಾವುದನ್ನು ಮತ್ತೊಮ್ಮೆ ಮಾಡುವಿರಿ ಎಂದು ಕೇಳಿದಾಗ ಬಹುಪಾಲು ಜನ ಹೆಚ್ಚು ಹೊತ್ತು ನೋವು ಕೊಟ್ಟ ಎರಡನೆಯದನ್ನೇ ಆರಿಸಿದರು, ಏಕೆಂದರೆ ಅದರ ಕೊನೆ ಸ್ವಲ್ಪ ಹಿತವಾಗಿತ್ತು. ಅನುಭವ ಎಷ್ಟು ಕಾಲ ನಡೆಯಿತು ಎಂಬುದನ್ನು ನೆನಪು ಬಹುಮಟ್ಟಿಗೆ ಕೈಬಿಡುತ್ತದೆ, ಅದರ ತೀವ್ರ ಕ್ಷಣವನ್ನೂ ಮುಕ್ತಾಯವನ್ನೂ ಹಿಡಿದಿಟ್ಟುಕೊಳ್ಳುತ್ತದೆ. ಇಡೀ ವರ್ಷವನ್ನು ನೆನೆಯುವಾಗಲೂ ಇದೇ ಪ್ರವೃತ್ತಿಗೆ ನಾವು ಒಳಗಾಗುತ್ತೇವೆ. ಇದರ ಜೊತೆಗೆ, ರಾಯ್ ಬೌಮೈಸ್ಟರ್ ಮತ್ತು ಇತರರು 2001ರಲ್ಲಿ ಅನೇಕ ಅಧ್ಯಯನಗಳನ್ನು ಒಟ್ಟುಗೂಡಿಸಿ ತೋರಿಸಿದಂತೆ, ಒಳ್ಳೆಯ ಅನುಭವಕ್ಕಿಂತ ಕೆಟ್ಟ ಅನುಭವ ಮನಸ್ಸಿನ ಮೇಲೆ ಹೆಚ್ಚು ಬಲವಾಗಿ ಅಚ್ಚೊತ್ತುತ್ತದೆ. ಹೀಗಾಗಿ ಏನನ್ನೂ ತೆರೆದು ನೋಡದೆ ಸುಮ್ಮನೆ ನೆನೆದುಕೊಂಡು ಪಟ್ಟಿ ಬರೆದರೆ, ಅದರಲ್ಲಿ ಕೊನೆಯ ತಿಂಗಳೂ ದೊಡ್ಡ ಘಟನೆಗಳೂ ನೋವುಗಳೂ ತಮ್ಮ ಪಾಲಿಗಿಂತ ಹೆಚ್ಚಿನ ಜಾಗವನ್ನು ಪಡೆದುಬಿಡುತ್ತವೆ, ಸಣ್ಣ ಸಂತೋಷಗಳು ಹೊರಗುಳಿಯುತ್ತವೆ.

ಮುಂದೆ ಹೇಳುವ ಕ್ರಮಕ್ಕೆ ಎರಡು ಮೂರು ಸಂಜೆಗಳು ಬೇಕಾಗುತ್ತವೆ. ಒಂದೇ ಸಲ ಕುಳಿತು ಮುಗಿಸುವುದಕ್ಕಿಂತ ನಡುವೆ ಒಂದೆರಡು ದಿನ ಬಿಡುವು ಕೊಡುವುದು ಮೇಲು, ಏಕೆಂದರೆ ಒಮ್ಮೆ ಕೆದಕಿದ ನೆನಪು ಆ ಬಿಡುವಿನಲ್ಲಿಯೂ ತಾನಾಗಿಯೇ ಒಂದಷ್ಟನ್ನು ಹೊರಗೆ ತರುತ್ತದೆ.

ಮೊದಲು ಅವಧಿಯನ್ನು ಗೊತ್ತುಮಾಡಿಕೊಳ್ಳಿ

ಜನವರಿಯಿಂದ ಡಿಸೆಂಬರ್‌ವರೆಗಿನ ಅವಧಿಯೇ ಆಗಬೇಕೆಂದಿಲ್ಲ. ಒಂದು ಹುಟ್ಟುಹಬ್ಬದಿಂದ ಮುಂದಿನದರವರೆಗೆ, ಅಥವಾ ಶಿಕ್ಷಕರೋ ವಿದ್ಯಾರ್ಥಿಗಳೋ ಆಗಿದ್ದರೆ ಒಂದು ಶೈಕ್ಷಣಿಕ ವರ್ಷ, ಯಾವುದಾದರೂ ಸರಿ. ಆದರೆ ಒಮ್ಮೆ ಗೊತ್ತುಮಾಡಿದ ಗಡಿಯನ್ನು ವರ್ಷವರ್ಷವೂ ಹಾಗೆಯೇ ಉಳಿಸಿಕೊಂಡರೆ ಮುಂದೆ ಹೋಲಿಸಿ ನೋಡಲು ಅನುಕೂಲ.

ವರ್ಷ ಮುಗಿಯುವ ಮುನ್ನವೇ ಅಂತಿಮ ಪಟ್ಟಿಯನ್ನು ಬರೆಯಬೇಡಿ. ಸಂಗೀತದ ಆ್ಯಪ್‌ಗಳು ಕಳುಹಿಸುವ ವಾರ್ಷಿಕ ಸಾರಾಂಶಗಳು ಸಾಮಾನ್ಯವಾಗಿ ಡಿಸೆಂಬರ್ ಮುಗಿಯುವ ಮೊದಲೇ ಬರುತ್ತವೆ, ಪತ್ರಿಕೆಗಳ ವರ್ಷಾಂತ್ಯದ ಪಟ್ಟಿಗಳೂ ಹಾಗೆಯೇ. ಅವುಗಳಲ್ಲಿ ಕೊನೆಯ ವಾರಗಳಿಗೆ ಜಾಗವೇ ಇರುವುದಿಲ್ಲ. ನಮಗೆ ಅಂತಹ ಅವಸರವಿಲ್ಲ. ವರ್ಷದ ಕೊನೆಯ ವಾರದಲ್ಲಿ ಸಾಮಗ್ರಿಯನ್ನು ಕೂಡಿಹಾಕಿ, ಹೊಸ ವರ್ಷದ ಎರಡನೆಯ ವಾರದ ಹೊತ್ತಿಗೆ ಆರಿಸಿ ಬರೆಯುವುದು ನನ್ನ ಅಭಿಪ್ರಾಯದಲ್ಲಿ ಅತ್ಯುತ್ತಮ. ಅಷ್ಟರಲ್ಲಿ ಕೊನೆಯ ದಿನಗಳ ಸಂಭ್ರಮವೋ ಆಯಾಸವೋ ತುಸು ತಣಿದಿರುತ್ತದೆ.

ಫೋನ್ ತೆರೆಯುವ ಮುನ್ನ ನೆನಪಿನಿಂದಲೇ ಬರೆಯಿರಿ

ಮೊದಲ ಸಂಜೆ ಒಂದು ಹಾಳೆ, ಒಂದು ಪೆನ್ನು, ಇಪ್ಪತ್ತು ನಿಮಿಷ ಸಾಕು. ಯಾವ ಫೋಟೋವನ್ನೂ ನೋಡದೆ, ಯಾವ ಸಂದೇಶವನ್ನೂ ಹುಡುಕದೆ, ಈ ವರ್ಷ ಇಷ್ಟವಾದದ್ದು ಎಂದು ನೆನಪಿಗೆ ಬಂದುದನ್ನೆಲ್ಲ ಬಂದ ಕ್ರಮದಲ್ಲಿಯೇ ಬರೆಯುತ್ತಾ ಹೋಗಿ. ನೆನಪನ್ನು ನಂಬಲಾಗದು ಎಂದ ಮೇಲೆ ಅದರಿಂದಲೇ ಏಕೆ ಆರಂಭಿಸಬೇಕು ಎಂಬ ಪ್ರಶ್ನೆ ಏಳಬಹುದು. ಫೋಟೋಗಳನ್ನು ಒಮ್ಮೆ ನೋಡಿಬಿಟ್ಟರೆ, ಯಾವುದು ಮನಸ್ಸಿನಲ್ಲಿ ತಾನಾಗಿ ಉಳಿದಿತ್ತು, ಯಾವುದು ಚಿತ್ರ ನೋಡಿದ್ದರಿಂದ ಬಂತು ಎಂದು ಬೇರ್ಪಡಿಸಲು ಮತ್ತೆ ಸಾಧ್ಯವಾಗುವುದಿಲ್ಲ. ಈ ಹಾಳೆಯನ್ನು ಪಕ್ಕಕ್ಕಿಡಿ. ಎಲ್ಲ ಮುಗಿದ ಮೇಲೆ ಇದನ್ನು ಪೂರ್ಣ ಪಟ್ಟಿಯ ಪಕ್ಕದಲ್ಲಿಟ್ಟು ನೋಡಿದಾಗ ನಿಮ್ಮ ನೆನಪು ಏನನ್ನು ಕೈಬಿಡುತ್ತದೆ ಎಂಬುದು ಕಣ್ಣಿಗೆ ಕಾಣುತ್ತದೆ, ಈ ಇಡೀ ಕೆಲಸದಲ್ಲಿ ನನಗೆ ಅತ್ಯಂತ ಬೆಲೆಯುಳ್ಳದ್ದಾಗಿ ಕಂಡಿರುವುದು ಆ ಹೋಲಿಕೆಯೇ.

ಬರೆಯುತ್ತಿರುವಾಗ ಪೆನ್ನು ನಿಂತರೆ, ಮಾರ್ಚ್‌ನಲ್ಲಿ ಏನಾಯಿತು, ಜುಲೈನಲ್ಲಿ ಏನಾಯಿತು ಎಂದು ಕೇಳಿಕೊಳ್ಳಬೇಡಿ. ನೆದರ್ಲೆಂಡ್ಸ್‌ನ ಮನೋವಿಜ್ಞಾನಿ ವಿಲೆಮ್ ವಾಗೆನಾರ್ ಆರು ವರ್ಷಗಳ ಕಾಲ ತಮ್ಮದೇ ದಿನಗಳ ಘಟನೆಗಳನ್ನು ಏನು, ಯಾರು, ಎಲ್ಲಿ, ಯಾವಾಗ ಎಂಬ ನಾಲ್ಕು ಭಾಗಗಳಾಗಿ ಬರೆದಿಟ್ಟು, ನಂತರ ಒಂದೊಂದು ಭಾಗವನ್ನೇ ಸುಳಿವಾಗಿ ಹಿಡಿದು ಉಳಿದುದನ್ನು ನೆನಪಿಸಿಕೊಳ್ಳಲು ಯತ್ನಿಸಿದರು. 1986ರಲ್ಲಿ ಅವರು ಪ್ರಕಟಿಸಿದ ಫಲಿತಾಂಶದ ಪ್ರಕಾರ ಏನು ಎಂಬ ಸುಳಿವು ಎಲ್ಲಕ್ಕಿಂತ ಉಪಯುಕ್ತವಾಗಿತ್ತು, ಯಾವಾಗ ಎಂಬ ಸುಳಿವೊಂದೇ ಇದ್ದಾಗ ಅದರಿಂದ ಹೆಚ್ಚೇನೂ ದೊರೆಯಲಿಲ್ಲ. ಆದ್ದರಿಂದ ನಿಮ್ಮನ್ನು ನೀವು ಕೇಳಿಕೊಳ್ಳಬೇಕಾದ ಪ್ರಶ್ನೆಗಳು ಬೇರೆ. ಈ ವರ್ಷ ಯಾರ ಜೊತೆ ಹೊತ್ತು ಹೋದದ್ದೇ ತಿಳಿಯಲಿಲ್ಲ? ಯಾವ ಜಾಗದಲ್ಲಿ ಸುಮ್ಮನೆ ಕುಳಿತುಕೊಳ್ಳಲು ಇಷ್ಟವಾಯಿತು? ಕೈಗಳಿಗೆ ಯಾವ ಕೆಲಸ ಹಿತವೆನಿಸಿತು? ಏನನ್ನು ಕೇಳಿ ಜೋರಾಗಿ ನಕ್ಕಿರಿ? ಇಂತಹ ಒಂದೊಂದು ಪ್ರಶ್ನೆಯೂ ಒಂದೆರಡು ಸಾಲುಗಳನ್ನಾದರೂ ತರುತ್ತದೆ.

ಸಾಧ್ಯವಿದ್ದರೆ, ನೀವು ಬಹಳ ಹೊತ್ತು ಕಳೆದ ಜಾಗಕ್ಕೇ ಹೋಗಿ ಕುಳಿತು ಬರೆಯಿರಿ. ಡಂಕನ್ ಗಾಡೆನ್ ಮತ್ತು ಅಲನ್ ಬ್ಯಾಡ್ಲಿ 1975ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮುಳುಗುಗಾರರು ನೀರಿನೊಳಗೆ ಕಲಿತ ಪದಗಳನ್ನು ನೀರಿನೊಳಗೇ, ದಡದಲ್ಲಿ ಕಲಿತವನ್ನು ದಡದಲ್ಲೇ ಚೆನ್ನಾಗಿ ನೆನಪಿಸಿಕೊಂಡಿದ್ದರು. ಕಿಟಕಿಯ ಪಕ್ಕದ ಕುರ್ಚಿಯಲ್ಲಿ ಓದಿದ ಪುಸ್ತಕಗಳು ಆ ಕುರ್ಚಿಯಲ್ಲಿ ಕುಳಿತಾಗಲೇ ಹೆಚ್ಚು ನೆನಪಾಗುವುದರಲ್ಲಿ ಅಚ್ಚರಿಯಿಲ್ಲ.

ನಂತರ ದಾಖಲೆಗಳನ್ನು ಒಂದೊಂದಾಗಿ ತೆರೆಯಿರಿ

ಎರಡನೆಯ ಸಂಜೆ ಇದಕ್ಕೆ ಮೀಸಲು. ಹೆಚ್ಚಿನ ಸಮಯ ಬೇಡುವ ಹೆಜ್ಜೆ ಇದು, ಇದನ್ನು ಅವಸರದಿಂದ ಮಾಡಿದರೆ ಉಳಿದ ಯಾವ ಹೆಜ್ಜೆಗೂ ಅರ್ಥವಿರುವುದಿಲ್ಲ.

ಫೋನಿನ ಗ್ಯಾಲರಿಯಿಂದ ಆರಂಭಿಸಬಹುದು. ವರ್ಷದ ಮೊದಲ ದಿನಕ್ಕೆ ಹೋಗಿ ಅಲ್ಲಿಂದ ಮುಂದಕ್ಕೆ ಬನ್ನಿ. ಇತ್ತೀಚಿನದರಿಂದ ಹಿಂದಕ್ಕೆ ಹೋದರೆ ಮೊದಲ ತಿಂಗಳುಗಳನ್ನು ತಲುಪುವಷ್ಟರಲ್ಲಿ ಬೇಸರ ಬಂದಿರುತ್ತದೆ. ಸಮಾರಂಭಗಳ ಗುಂಪು ಫೋಟೋಗಳನ್ನು ಬೇಗ ದಾಟಿಬಿಡಿ, ಅವು ಹೇಗೂ ನೆನಪಿನಲ್ಲಿವೆ. ಯಾವ ಕಾರಣವೂ ಇಲ್ಲದೆ ತೆಗೆದ ಚಿತ್ರಗಳ ಬಳಿ ನಿಲ್ಲಿ: ಗೋಡೆಯ ಮೇಲೆ ಬಿದ್ದ ಬಿಸಿಲು, ಮಲಗಿದ ಬೆಕ್ಕು, ಪುಸ್ತಕದ ಒಂದು ಪುಟ, ಮೋಡ, ಯಾರದೋ ಕೈಬರಹ. ಅವುಗಳನ್ನು ತೆಗೆಯುವಂತೆ ನಿಮಗೆ ಯಾರೂ ಹೇಳಿರಲಿಲ್ಲ, ಆ ಕ್ಷಣದಲ್ಲಿ ಏನೋ ಹಿತವೆನಿಸಿದ್ದರಿಂದಲೇ ಕೈ ಫೋನಿನತ್ತ ಹೋಗಿದೆ. ಸ್ಕ್ರೀನ್‌ಶಾಟ್‌ಗಳ ಫೋಲ್ಡರನ್ನೂ ತಪ್ಪದೆ ನೋಡಿ. ಉಳಿಸಿಕೊಳ್ಳಬೇಕೆನಿಸಿದ ಸಂದೇಶಗಳು, ಓದಬೇಕೆಂದುಕೊಂಡ ಪುಸ್ತಕಗಳ ಹೆಸರುಗಳು, ನಗಿಸಿದ ಮಾತುಗಳು ಅಲ್ಲಿ ಸೇರಿಕೊಂಡಿರುತ್ತವೆ. ಒಂದು ಎಚ್ಚರಿಕೆ: ಸಂದೇಶದ ಆ್ಯಪ್‌ಗಳ ಮೂಲಕ ಬಂದ ಫೋಟೋಗಳ ಮೇಲೆ ಕಾಣುವ ದಿನಾಂಕ ಸಾಮಾನ್ಯವಾಗಿ ಅವು ನಿಮ್ಮ ಫೋನಿಗೆ ಇಳಿದ ದಿನಾಂಕವೇ ಹೊರತು ತೆಗೆದ ದಿನಾಂಕವಲ್ಲ.

ಫೋಟೋ ಇದೆಯೆಂದ ಮಾತ್ರಕ್ಕೆ ಅನುಭವ ಉಳಿದಿದೆ ಎಂದು ಭಾವಿಸುವುದೂ ಸರಿಯಲ್ಲ. ಲಿಂಡಾ ಹೆಂಕೆಲ್ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವಸ್ತುಸಂಗ್ರಹಾಲಯದ ವಸ್ತುಗಳ ಪೂರ್ಣ ಚಿತ್ರ ತೆಗೆದವರು ಆ ವಸ್ತುಗಳನ್ನು, ಬರಿಗಣ್ಣಿನಿಂದ ನೋಡಿದವುಗಳಿಗಿಂತ ಕಡಿಮೆ ನೆನಪಿಟ್ಟುಕೊಂಡಿದ್ದರು. ವಸ್ತುವಿನ ಒಂದು ಭಾಗವನ್ನು ಹತ್ತಿರ ತಂದುಕೊಂಡು ತೆಗೆದಾಗ ಮಾತ್ರ ಹಾಗಾಗಲಿಲ್ಲ. ಹೀಗಾಗಿ ಚಿತ್ರಗಳನ್ನು ನೋಡಿ ಮುಗಿಸಿದ ಮೇಲೆ ಎರಡು ಪ್ರಶ್ನೆಗಳನ್ನು ಕೇಳಿಕೊಳ್ಳಿ: ಈ ಚಿತ್ರದ ಚೌಕಟ್ಟಿನ ಆಚೆ ಏನಿತ್ತು? ಈ ವರ್ಷದ ಯಾವ ಸಂತೋಷಕ್ಕೆ ಒಂದೇ ಒಂದು ಚಿತ್ರವೂ ಇಲ್ಲ? ಗಾಢವಾದ ನಿದ್ದೆ, ಕತ್ತಲಲ್ಲಿ ನಡೆದ ದೀರ್ಘ ಮಾತುಕತೆ, ತಲೆನೋವು ಇಳಿದ ಗಳಿಗೆ, ಸುಮ್ಮನೆ ಜೊತೆಯಲ್ಲಿ ನಡೆದದ್ದು, ಇವುಗಳ ಚಿತ್ರವನ್ನು ಯಾರೂ ತೆಗೆಯುವುದಿಲ್ಲ.

ಹಾಡುಗಳಿಗೆ ಆ್ಯಪ್‌ನ ಇತಿಹಾಸವನ್ನೂ ನೀವೇ ಮಾಡಿಕೊಂಡ ಪ್ಲೇಲಿಸ್ಟ್‌ಗಳನ್ನೂ ನೋಡಿ. ಎಷ್ಟು ಸಲ ಕೇಳಿದಿರಿ ಎಂಬ ಲೆಕ್ಕ ಒಂದು ಸುಳಿವು ಮಾತ್ರ. ಮಗುವನ್ನು ಮಲಗಿಸಲು ಪ್ರತಿದಿನ ಹಾಕಿದ ಹಾಡು ಆ ಲೆಕ್ಕದಲ್ಲಿ ಮೇಲಿರುತ್ತದೆ, ನಿಮ್ಮನ್ನು ಒಮ್ಮೆ ಅಳಿಸಿದ ಹಾಡು ಕೆಳಗೆಲ್ಲೋ ಇರುತ್ತದೆ. ಓದಿನ ವಿಷಯದಲ್ಲಿ ಗ್ರಂಥಾಲಯದ ಎರವಲಿನ ವಿವರ, ಖರೀದಿಯ ರಸೀದಿಗಳು, ಪುಸ್ತಕಗಳಲ್ಲಿ ನೀವೇ ಎಳೆದ ಗೆರೆಗಳು ನೆರವಾಗುತ್ತವೆ. ಕ್ಯಾಲೆಂಡರ್‌ನಿಂದ ದೊರೆಯುವುದು ಕಡಿಮೆ, ಅದರಲ್ಲಿ ಕರ್ತವ್ಯಗಳೇ ತುಂಬಿರುತ್ತವೆ.

ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಬೆಲೆಯುಳ್ಳ ದಾಖಲೆ ಎಂದರೆ ನೀವು ಬೇರೆಯವರಿಗೆ ಕಳುಹಿಸಿದ ಸಂದೇಶಗಳು. ಇದನ್ನು ಓದಲೇಬೇಕು, ಇದನ್ನು ಕೇಳು, ಇವತ್ತು ಏನಾಯಿತು ಗೊತ್ತಾ ಎಂದು ನೀವಾಗಿಯೇ ಬರೆದ ಮಾತುಗಳಲ್ಲಿ ಆ ದಿನದ ಉತ್ಸಾಹ ಆರದೆ ಉಳಿದಿರುತ್ತದೆ. ಹತ್ತಿರದ ಇಬ್ಬರೋ ಮೂವರೋ ಗೆಳೆಯರ ಜೊತೆಗಿನ ಸಂಭಾಷಣೆಯನ್ನು ತೆರೆದು, ನೀವು ಕಳುಹಿಸಿದ ಕೊಂಡಿಗಳನ್ನೂ ಧ್ವನಿ ಸಂದೇಶಗಳನ್ನೂ ಹುಡುಕಿ. ಬಂದ ಸಂದೇಶಗಳಿಗಿಂತ ಕಳುಹಿಸಿದವುಗಳ ಮೇಲೆ ಗಮನವಿರಲಿ, ಏಕೆಂದರೆ ನೀವು ಯಾವುದನ್ನು ಹಂಚಿಕೊಳ್ಳದೆ ಇರಲಾರದೆ ಹೋದಿರಿ ಎಂಬುದನ್ನು ಅವೇ ಹೇಳುತ್ತವೆ.

ಕೊನೆಯದಾಗಿ ಫೋನನ್ನು ಕೆಳಗಿಟ್ಟು ಮನೆಯಲ್ಲಿ ಒಂದು ಸುತ್ತು ಹಾಕಿ ವಸ್ತುಗಳನ್ನು ನೋಡಿ. ಸವೆದ ಚಪ್ಪಲಿ, ಮುಗಿದ ರೀಫಿಲ್ಲುಗಳು, ಮೂಲೆ ಮಡಚಿಹೋದ ಪುಸ್ತಕ, ಬಣ್ಣ ಮಾಸಿದರೂ ಬಿಡದೆ ಉಟ್ಟ ಬಟ್ಟೆ, ಹೊಸ ಎಲೆ ಬಿಟ್ಟ ಕುಂಡದ ಗಿಡ. ಸವೆದ ವಸ್ತು ಎಂದರೆ ನೀವು ಮತ್ತೆ ಮತ್ತೆ ಕೈಗೆತ್ತಿಕೊಂಡ ವಸ್ತು. ಬಹಳ ಇಷ್ಟಪಟ್ಟು ಕೊಂಡು ಇಂದಿಗೂ ಹೊಸದಾಗಿಯೇ ಉಳಿದಿರುವುದರ ಹೆಸರನ್ನು ಪಟ್ಟಿಗೆ ಸೇರಿಸುವ ಮುನ್ನ ಒಮ್ಮೆ ಯೋಚಿಸಿ.

ಜೊತೆಯಲ್ಲಿರುವವರನ್ನೂ ಕೇಳಿ

ಮನೆಯವರೊಬ್ಬರನ್ನೋ ಹತ್ತಿರದ ಗೆಳೆಯರೊಬ್ಬರನ್ನೋ, ಈ ವರ್ಷ ನಾನು ಯಾವಾಗ ಸಂತೋಷವಾಗಿದ್ದಂತೆ ಕಂಡೆ ಎಂದು ಕೇಳಿ. ನಮ್ಮ ಮುಖವನ್ನು ನಾವು ನೋಡಿಕೊಂಡಿರುವುದಿಲ್ಲ, ಅವರು ನೋಡಿರುತ್ತಾರೆ. ಬರುವ ಉತ್ತರ ಅನೇಕ ಸಲ ನಿಮ್ಮ ಎರಡೂ ಪಟ್ಟಿಗಳಲ್ಲಿ ಇಲ್ಲದ್ದಾಗಿರುತ್ತದೆ. ಉತ್ತರ ಬಂದ ಕೂಡಲೇ ಒಪ್ಪುವುದನ್ನೋ ತಳ್ಳಿಹಾಕುವುದನ್ನೋ ಮಾಡದೆ ಅವರ ಮಾತುಗಳಲ್ಲಿಯೇ ಬರೆದುಕೊಳ್ಳಿ.

ಆರಿಸುವ ಬಗೆ

ಈಗ ನಿಮ್ಮ ಮುಂದೆ ಗೊಂದಲಮಯವಾದ ಉದ್ದನೆಯ ಪಟ್ಟಿಯೊಂದು ಇರುತ್ತದೆ. ಇದರಿಂದ ಆರಿಸುವಾಗ ಉತ್ತಮವಾದದ್ದು ಯಾವುದು ಎಂದು ಕೇಳಿಕೊಳ್ಳುವುದನ್ನು ದಯವಿಟ್ಟು ಬಿಟ್ಟುಬಿಡಿ. ಉತ್ತಮ ಎಂದೊಡನೆ ಬೇರೆಯವರ ಮೆಚ್ಚುಗೆ, ವಿಮರ್ಶಕರ ಅಭಿಪ್ರಾಯ, ನಮ್ಮ ಅಭಿರುಚಿಯ ಬಗ್ಗೆ ಜನ ಏನೆಂದುಕೊಳ್ಳುತ್ತಾರೋ ಎಂಬ ಅಳುಕು ಎಲ್ಲವೂ ಕೂಡಿ ಬರುತ್ತವೆ. ನಾನು ಬಳಸುವ ಪರೀಕ್ಷೆ ಒಂದೇ: ಯಾರ ಒತ್ತಾಯವೂ ಇಲ್ಲದೆ ನಾನು ಮರಳಿ ಹೋದದ್ದು ಯಾವುದಕ್ಕೆ? ಮರಳಿ ಓದಿದ ಅಧ್ಯಾಯ, ಹತ್ತಿರದ ದಾರಿ ಇದ್ದರೂ ಬಿಟ್ಟು ಹಿಡಿದ ಬಳಸುದಾರಿ, ಹೇಳಿಕೊಳ್ಳಲು ಸುದ್ದಿಯಿಲ್ಲದಿದ್ದರೂ ಮಾಡಿದ ಕರೆ, ಇವೆಲ್ಲ ಈ ಪರೀಕ್ಷೆಯಲ್ಲಿ ಗೆಲ್ಲುತ್ತವೆ. ಹೊಗಳಿದರೂ ಮತ್ತೆ ಮುಟ್ಟದ ಪುಸ್ತಕ ಗೆಲ್ಲುವುದಿಲ್ಲ. ಒಮ್ಮೆ ಮಾತ್ರ ಸಂಭವಿಸಬಹುದಾದ ಕ್ಷಣಗಳಿಗೆ ಈ ಪರೀಕ್ಷೆಯನ್ನು ಸ್ವಲ್ಪ ಬದಲಿಸಿಕೊಳ್ಳಬೇಕು: ಮನಸ್ಸಿನಲ್ಲಿ ಅದಕ್ಕೆ ಎಷ್ಟು ಸಲ ಮರಳಿದ್ದೀರಿ ಎಂದು ನೋಡಬೇಕು.

ಆ ವಸ್ತು ಈ ವರ್ಷವೇ ಬಂದದ್ದಾಗಿರಬೇಕಿಲ್ಲ. ಐವತ್ತು ವರ್ಷ ಹಳೆಯ ಕಾದಂಬರಿಯನ್ನು ನೀವು ಈ ವರ್ಷ ಮೊದಲ ಸಲ ಓದಿದ್ದರೆ ಅದು ಈ ವರ್ಷದ್ದೇ. ಹತ್ತನೆಯ ಸಲ ಓದಿದ್ದರೂ, ಈ ಸಲ ಅದರಲ್ಲಿ ಹೊಸದೇನೋ ಕಂಡಿದ್ದರೆ, ಈ ವರ್ಷದ್ದೇ.

ಸಣ್ಣದನ್ನು ಸಣ್ಣದೆಂಬ ಕಾರಣಕ್ಕೆ ತೆಗೆದುಹಾಕಬೇಡಿ. ಎಡ್ ಡೀನರ್ ಮತ್ತು ಸಹೋದ್ಯೋಗಿಗಳು 1991ರಲ್ಲಿ ವಾದಿಸಿದಂತೆ, ಮನುಷ್ಯರು ಎಷ್ಟು ಸುಖವಾಗಿದ್ದಾರೆ ಎಂಬುದನ್ನು ಹಿತವಾದ ಭಾವನೆಗಳು ಎಷ್ಟು ತೀವ್ರವಾಗಿದ್ದವು ಎಂಬುದಕ್ಕಿಂತ ಎಷ್ಟು ಸಲ ಬಂದವು ಎಂಬುದು ಚೆನ್ನಾಗಿ ಸೂಚಿಸುತ್ತದೆ. ಫಿಲಿಪ್ ಬ್ರಿಕ್‌ಮನ್ ಮತ್ತು ಇತರರು 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಲಾಟರಿಯಲ್ಲಿ ದೊಡ್ಡ ಮೊತ್ತ ಗೆದ್ದ 22 ಜನರನ್ನು ಮಾತನಾಡಿಸಲಾಗಿತ್ತು. ಗೆಲ್ಲದವರಿಗೆ ಹೋಲಿಸಿದರೆ ಅವರಿಗೆ ಗೆಳೆಯರೊಡನೆ ಮಾತನಾಡುವುದು, ಪತ್ರಿಕೆ ಓದುವುದು ಮುಂತಾದ ದಿನನಿತ್ಯದ ಸಂಗತಿಗಳಲ್ಲಿ ಸಿಗುತ್ತಿದ್ದ ಸಂತೋಷ ಕಡಿಮೆಯಾಗಿತ್ತು. ಅಧ್ಯಯನ ಚಿಕ್ಕದು, ಅದರಿಂದ ದೊಡ್ಡ ತೀರ್ಮಾನಗಳನ್ನು ತೆಗೆಯಬೇಕಿಲ್ಲ. ಆದರೆ ವರ್ಷದಲ್ಲಿ ಯಾವುದಾದರೂ ಒಂದು ಭಾರೀ ಸಂತೋಷ ಬಂದಿದ್ದರೆ ಅದರ ಹೊಳಪಿನಲ್ಲಿ ಉಳಿದವು ಮಂಕಾಗಿ ಕಾಣಬಹುದು ಎಂಬ ಎಚ್ಚರವನ್ನು ಅದು ಕೊಡುತ್ತದೆ. ಅಂತಹ ವರ್ಷದಲ್ಲಿ ಆ ದೊಡ್ಡ ಸಂಗತಿಯನ್ನು ಬೇರೆ ಹಾಳೆಯಲ್ಲಿ ಬರೆದು ಪಕ್ಕಕ್ಕಿಟ್ಟು, ನಂತರ ಉಳಿದವನ್ನು ನೋಡಿ.

ಹತ್ತು ಎಂಬ ಸಂಖ್ಯೆಗೆ ಕಟ್ಟುಬೀಳಬೇಡಿ. ಏಳು ಇದ್ದರೆ ಏಳು, ಇಪ್ಪತ್ತಾರು ಇದ್ದರೆ ಇಪ್ಪತ್ತಾರು. ಮೊದಲನೆಯದು, ಎರಡನೆಯದು ಎಂಬ ಸ್ಥಾನಗಳನ್ನೂ ಕೊಡಬೇಡಿ. ಒಬ್ಬ ಗೆಳೆಯನ ನಗುವನ್ನೂ ಒಂದು ಪೆನ್ನನ್ನೂ ಒಂದೇ ತಕ್ಕಡಿಯಲ್ಲಿ ಇಟ್ಟು ತೂಗುವ ಅಗತ್ಯ ಯಾರಿಗೂ ಇಲ್ಲ. ಪುಸ್ತಕ, ಸಂಗೀತ, ಪ್ರಯಾಣ ಎಂಬ ವಿಭಾಗಗಳನ್ನು ಮೊದಲೇ ಹಾಕಿಕೊಂಡರೆ ಅವುಗಳನ್ನು ತುಂಬಿಸುವುದಕ್ಕಾಗಿಯೇ ಏನಾದರೊಂದನ್ನು ಸೇರಿಸುವಂತಾಗುತ್ತದೆ, ಯಾವ ವಿಭಾಗಕ್ಕೂ ಸೇರದ ಸಂತೋಷಗಳಿಗೆ ಜಾಗವಿಲ್ಲದಂತಾಗುತ್ತದೆ. ಎಲ್ಲವನ್ನೂ ಬರೆದ ಮೇಲೆ ಅವು ತಾವಾಗಿ ಹೇಗೆ ಗುಂಪುಗೂಡುತ್ತವೆ ಎಂದು ನೋಡಿ. ಬೆಳಗಿನವು, ಒಬ್ಬಳೇ ಇದ್ದಾಗಿನವು, ಕೈಯಿಂದ ಮಾಡಿದವು, ಅನಿರೀಕ್ಷಿತವಾಗಿ ಬಂದವು, ಹೀಗೆ ಹೊರಡುವ ವಿಭಾಗಗಳು ನಿಮ್ಮ ವರ್ಷಕ್ಕೇ ಸೇರಿದವಾಗಿರುತ್ತವೆ.

ವರ್ಷ ಕಷ್ಟದ್ದಾಗಿದ್ದರೆ

ಆಪ್ತರನ್ನು ಕಳೆದುಕೊಂಡ, ಕಾಯಿಲೆಯಲ್ಲಿ ಕಳೆದ, ಸಂಬಂಧವೊಂದು ಮುರಿದ ವರ್ಷದಲ್ಲಿ ಈ ಕೆಲಸವನ್ನು ಮಾಡಲೇಬೇಕೆಂಬ ಒತ್ತಾಯವನ್ನು ನಿಮ್ಮ ಮೇಲೆ ನೀವೇ ಹೇರಿಕೊಳ್ಳಬೇಡಿ. ಮಾಡಬೇಕೆನಿಸಿದರೆ ಗ್ಯಾಲರಿಯನ್ನು ಒಬ್ಬರೇ ಕುಳಿತು ತೆರೆಯುವುದಕ್ಕಿಂತ ನಂಬಿಕೆಯ ಒಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಳ್ಳಿ, ಏಕೆಂದರೆ ಯಾವ ಚಿತ್ರ ಎಲ್ಲಿ ಎದುರಾಗುತ್ತದೆ ಎಂದು ಮೊದಲೇ ತಿಳಿಯದು. ಆ ತಿಂಗಳುಗಳನ್ನು ಬಿಟ್ಟು ಮುಂದಕ್ಕೆ ಹೋಗಬಹುದು, ಅರ್ಧಕ್ಕೆ ನಿಲ್ಲಿಸಬಹುದು, ಒಂದು ವರ್ಷದ ನಂತರ ಮರಳಿ ಬರಬಹುದು.

ದುಃಖವನ್ನು ಪಾಠವೆಂದೋ ವರವೆಂದೋ ಹೆಸರು ಬದಲಿಸಿ ಸಂತೋಷದ ಪಟ್ಟಿಗೆ ಸೇರಿಸುವುದನ್ನು ನಾನು ಒಪ್ಪುವುದಿಲ್ಲ. ನೋವು ನೋವಾಗಿಯೇ ಇರಲಿ. ಅದರ ಜೊತೆಜೊತೆಗೇ, ಆಸ್ಪತ್ರೆಯ ಉದ್ದನೆಯ ರಾತ್ರಿಯಲ್ಲಿ ಪಕ್ಕದ ಹಾಸಿಗೆಯವರು ಹೊದೆಯಲು ಕೊಟ್ಟ ಶಾಲು, ಅಳು ನಿಂತ ಮೇಲೆ ಬಂದ ನಿದ್ದೆ, ಏನನ್ನೂ ಕೇಳದೆ ಬಂದು ಕುಳಿತು ಹೋದ ಗೆಳೆಯ, ಇಂತಹವು ನೆನಪಾದರೆ ಅವುಗಳನ್ನು ಬರೆಯಿರಿ. ಹಾಗೆ ಬರೆಯುವುದರಿಂದ ಅಗಲಿದವರಿಗೆ ಯಾವ ದ್ರೋಹವೂ ಆಗುವುದಿಲ್ಲ. ಆ ವರ್ಷದ ಪಟ್ಟಿಯಲ್ಲಿ ಎರಡೇ ಸಾಲುಗಳಿದ್ದರೂ ಅದು ಪೂರ್ಣವಾದ ಪಟ್ಟಿಯೇ.

ಬರೆಯುವಾಗ ಗಮನಿಸಬೇಕಾದದ್ದು

ಆರಿಸಿದ ಪ್ರತಿಯೊಂದಕ್ಕೂ ಒಂದರಿಂದ ಮೂರು ವಾಕ್ಯಗಳನ್ನು ಬರೆಯಿರಿ. ಹೆಸರನ್ನಷ್ಟೇ ಬರೆದಿಟ್ಟರೆ ಕೆಲವು ವರ್ಷಗಳ ನಂತರ ಅದು ನಿಮಗೇ ಅರ್ಥವಾಗದೆ ಹೋಗಬಹುದು. ಪುಟಗಟ್ಟಲೆ ಬರೆಯಲು ಹೊರಟರೆ ಮೂರನೆಯದಕ್ಕೆ ಬರುವಷ್ಟರಲ್ಲಿ ಕೈಸೋತು ನಿಲ್ಲಿಸಿಬಿಡುತ್ತೀರಿ.

ಸಂಜೆಯ ನಡಿಗೆಗಳು ತುಂಬಾ ಸುಂದರವಾಗಿದ್ದವು ಎಂದು ಬರೆದಿದ್ದೀರಿ ಎಂದುಕೊಳ್ಳೋಣ. ಈ ವಾಕ್ಯವನ್ನು ಯಾರು ಬೇಕಾದರೂ ಯಾವ ವರ್ಷದ ಬಗ್ಗೆ ಬೇಕಾದರೂ ಬರೆಯಬಹುದು. ಅದರ ಬದಲಿಗೆ, ಕೆಲಸ ಮುಗಿಸಿ ಬಂದ ತಂಗಿ ಬಟ್ಟೆಯನ್ನೂ ಬದಲಿಸದೆ ಬಾಗಿಲಲ್ಲೇ ನಿಂತು ಬರುತ್ತೀಯಾ ಎಂದು ಕೇಳುತ್ತಿದ್ದಳು, ದೀಪಗಳು ಹತ್ತುವವರೆಗೆ ನಡೆಯುತ್ತಿದ್ದೆವು, ಹೋಗುವಾಗ ಅವಳ ಕಚೇರಿಯ ಕಥೆ, ಬರುವಾಗ ಬಾಲ್ಯದ ಕಥೆ ಎಂದು ಬರೆದರೆ ಅದು ನಿಮ್ಮದಾಗುತ್ತದೆ, ಓದಿದಾಗ ಆ ದಾರಿಯೂ ತಂಗಿಯ ದನಿಯೂ ಮರಳಿ ಬರುತ್ತವೆ. ಸುಂದರ, ಅದ್ಭುತ, ಮರೆಯಲಾಗದ ಎಂಬ ವಿಶೇಷಣಗಳು ಬಂದಲ್ಲೆಲ್ಲ ಅವನ್ನು ತೆಗೆದು, ಹಾಗೆನಿಸಲು ಕಾರಣವಾದ ವಿವರವೊಂದನ್ನು ಅಲ್ಲಿಡಿ. ಯಾರಿದ್ದರು, ಎಲ್ಲಿ, ಏನು ಕೇಳಿಸುತ್ತಿತ್ತು, ಯಾರು ಏನೆಂದರು ಎಂಬುದರಲ್ಲಿ ಎರಡಾದರೂ ಇರಲಿ.

ಈಗ ತೀರಾ ಸಾಮಾನ್ಯವೆನಿಸುವ ವಿವರವನ್ನು ಬಿಟ್ಟುಬಿಡುವ ಆಸೆಯಾಗುತ್ತದೆ. ಅದನ್ನು ತಡೆದುಕೊಳ್ಳಿ. ಟಿಂಗ್ ಜಾಂಗ್ ಮತ್ತು ಸಹೋದ್ಯೋಗಿಗಳು 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ವಿದ್ಯಾರ್ಥಿಗಳು ತಮ್ಮ ಇತ್ತೀಚಿನ ಮಾತುಕತೆ, ಕೇಳುತ್ತಿದ್ದ ಹಾಡುಗಳು ಮುಂತಾದ ಸಾಮಾನ್ಯ ಸಂಗತಿಗಳನ್ನು ಬರೆದಿಟ್ಟು, ಕೆಲವು ತಿಂಗಳ ನಂತರ ಅವನ್ನು ಓದಿದರೆ ಎಷ್ಟು ಆಸಕ್ತಿ ಹುಟ್ಟಬಹುದು ಎಂದು ಮೊದಲೇ ಊಹಿಸಿದರು. ನಿಜವಾಗಿ ಓದಿದಾಗ ಅವರಿಗೆ ಹುಟ್ಟಿದ ಆಸಕ್ತಿ ಆ ಊಹೆಯನ್ನು ಮೀರಿತ್ತು. ಇಂದು ದಿನವೂ ಕಾಣುವ ವಸ್ತುವೇ, ಮನೆ ಬದಲಾದ ಮೇಲೆ ಅಥವಾ ಮಕ್ಕಳು ಬೆಳೆದು ದೊಡ್ಡವರಾದ ಮೇಲೆ, ಮತ್ತೆಲ್ಲಿಯೂ ಸಿಗದ ವಿವರವಾಗುತ್ತದೆ.

ಸಾಧ್ಯವಾದಲ್ಲೆಲ್ಲ, ಆ ಸಂತೋಷ ಯಾವ ಸನ್ನಿವೇಶದಿಂದ ಸಾಧ್ಯವಾಯಿತು ಎಂಬುದನ್ನೂ ಅರ್ಧ ವಾಕ್ಯದಲ್ಲಿ ಸೇರಿಸಿ. ಆ ಪುಸ್ತಕ ಅಷ್ಟು ಹಿಡಿಸಿದ್ದಕ್ಕೆ ಪುಸ್ತಕವೊಂದೇ ಕಾರಣವಾಗಿರಲಿಕ್ಕಿಲ್ಲ. ಮೂರು ದಿನ ಕರೆಂಟಿಲ್ಲದೆ ಫೋನು ಸತ್ತಿತ್ತು ಎಂಬುದೂ ಕಾರಣವಾಗಿರಬಹುದು. ಈ ಅರ್ಧ ವಾಕ್ಯಗಳು ಮುಂದಿನ ಹೆಜ್ಜೆಯಲ್ಲಿ ಕೆಲಸಕ್ಕೆ ಬರುತ್ತವೆ.

ಪಟ್ಟಿಯನ್ನು ಒಮ್ಮೆ ಪೂರ್ತಿಯಾಗಿ ಓದಿ

ಒಂದೆರಡು ದಿನ ಬಿಟ್ಟು ಮೊದಲಿನಿಂದ ಕೊನೆಯವರೆಗೆ ಒಂದೇ ಸಲಕ್ಕೆ ಓದಿ, ಮೊದಲ ಸಂಜೆಯ ಹಾಳೆಯನ್ನೂ ಪಕ್ಕದಲ್ಲಿಟ್ಟುಕೊಳ್ಳಿ. ಯಾವ ಹೆಸರುಗಳು ಮತ್ತೆ ಮತ್ತೆ ಬಂದಿವೆ, ದಿನದ ಯಾವ ಹೊತ್ತು ಹೆಚ್ಚಾಗಿದೆ, ಹಣ ಖರ್ಚಾದವು ಎಷ್ಟು, ಆಗದವು ಎಷ್ಟು, ನೀವು ಬಹಳ ಸಮಯ ಕೊಟ್ಟರೂ ಪಟ್ಟಿಯಲ್ಲಿ ಒಮ್ಮೆಯೂ ಕಾಣಿಸದ ಚಟುವಟಿಕೆ ಯಾವುದು ಎಂಬುದನ್ನು ಗಮನಿಸಿ. ಕೊನೆಯ ಪ್ರಶ್ನೆಗೆ ಬರುವ ಉತ್ತರ ಕೆಲವೊಮ್ಮೆ ಕಸಿವಿಸಿ ಉಂಟುಮಾಡಿದರೂ ಅದನ್ನು ಬರೆದಿಟ್ಟುಕೊಳ್ಳುವುದು ಒಳ್ಳೆಯದು. ಇದನ್ನು ಹೊಸ ವರ್ಷದ ಸಂಕಲ್ಪಗಳ ಪಟ್ಟಿಯನ್ನಾಗಿ ಮಾಡಬೇಡಿ. ಮುಂದಿನ ವರ್ಷ ಯಾವ ಎರಡಕ್ಕೆ ಖಂಡಿತವಾಗಿ ಸಮಯ ಉಳಿಸುವಿರಿ ಎಂದು ಗುರುತು ಹಾಕಿಕೊಂಡರೆ ಸಾಕು. ಪಟ್ಟಿಯಲ್ಲಿ ಹೆಸರಿರುವವರಿಗೆ, ಅವರ ಬಗ್ಗೆ ಬರೆದ ವಾಕ್ಯವನ್ನು ಕಳುಹಿಸುವುದೂ ಒಳ್ಳೆಯದು. ಆ ಸಂಜೆಗಳು ನಿಮಗೆ ಅಷ್ಟು ಮುಖ್ಯವಾಗಿದ್ದವು ಎಂದು ತಂಗಿಗೆ ಗೊತ್ತೇ ಇಲ್ಲದಿರಬಹುದು. ಬೇರೆಯವರ ಖಾಸಗಿ ಸಂಗತಿಗಳಿರುವ ಸಾಲುಗಳನ್ನು ಮಾತ್ರ ಅವರ ಒಪ್ಪಿಗೆಯಿಲ್ಲದೆ ಎಲ್ಲಿಯೂ ಹಂಚಬೇಡಿ.

ಕಾಪಿಡುವುದು ಮತ್ತು ಮುಂದಿನ ವರ್ಷದ ಸಿದ್ಧತೆ

ಹಾಡಿನ ಕೊಂಡಿಯನ್ನಷ್ಟೇ ಅಂಟಿಸಿಟ್ಟರೆ ಆ ಸೇವೆ ನಿಂತ ದಿನ ಅದೂ ಹೋಗುತ್ತದೆ. ಹಾಡಿನ ಹೆಸರು, ಹಾಡಿದವರ ಹೆಸರು, ಪುಸ್ತಕವಾದರೆ ಲೇಖಕರ ಹೆಸರು, ಇವನ್ನು ಅಕ್ಷರಗಳಲ್ಲಿ ಬರೆಯಿರಿ. ಜನರ ಅಡ್ಡಹೆಸರುಗಳ ಪಕ್ಕದಲ್ಲಿ ಪೂರ್ಣ ಹೆಸರಿರಲಿ. ಕಂಪ್ಯೂಟರಿನಲ್ಲಿಟ್ಟರೆ ಯಾವ ಸಾಧನದಲ್ಲಾದರೂ ತೆರೆಯಬಹುದಾದ ಸರಳ ಪಠ್ಯದ ಫೈಲ್ ಮಾಡಿ, ಫೈಲಿನ ಹೆಸರನ್ನು ವರ್ಷದ ಸಂಖ್ಯೆಯಿಂದ ಆರಂಭಿಸಿ; ಆಗ ವರ್ಷಗಳು ತಾವಾಗಿಯೇ ಸಾಲಾಗಿ ನಿಲ್ಲುತ್ತವೆ. ಇನ್ನೊಂದು ಪ್ರತಿ ಬೇರೆ ಸಾಧನದಲ್ಲಿರಲಿ, ಒಂದನ್ನು ಮುದ್ರಿಸಿ ಇಟ್ಟುಕೊಂಡರೆ ಇನ್ನೂ ಒಳ್ಳೆಯದು. ಕೈಬರಹದಲ್ಲಿ ಬರೆಯುವವರು ಬಿಡಿ ಹಾಳೆಗಳ ಬದಲು ಒಂದೇ ನೋಟ್‌ಬುಕ್ಕನ್ನು ಇದಕ್ಕೆ ಮೀಸಲಿಟ್ಟು, ವರ್ಷಕ್ಕೆ ಕೆಲವು ಪುಟಗಳಂತೆ ಮುಂದುವರಿಸಬಹುದು.

ಮುಂದಿನ ವರ್ಷದ ಕೆಲಸವನ್ನು ಹಗುರಗೊಳಿಸಲು ವಾರಕ್ಕೊಮ್ಮೆ ಒಂದೆರಡು ಸಾಲು ಬರೆಯುವ ಅಭ್ಯಾಸ ಇಟ್ಟುಕೊಳ್ಳಿ. ಪ್ರತಿದಿನವೂ ಬರೆಯಲು ಹೊರಟರೆ ಅದು ಬೇಗನೆ ಯಾಂತ್ರಿಕವಾಗುತ್ತದೆ. ರಾಬರ್ಟ್ ಎಮನ್ಸ್ ಮತ್ತು ಮೈಕೆಲ್ ಮೆಕಲಫ್ 2003ರಲ್ಲಿ ಪ್ರಕಟಿಸಿದ ಅಧ್ಯಯನಗಳಲ್ಲೊಂದರಲ್ಲಿ ವಾರಕ್ಕೊಮ್ಮೆ ತಾವು ಕೃತಜ್ಞರಾಗಿರುವ ಸಂಗತಿಗಳನ್ನು ಬರೆದವರು, ಕಿರಿಕಿರಿಗಳನ್ನು ಬರೆದವರಿಗಿಂತ ತಮ್ಮ ಬದುಕಿನ ಬಗ್ಗೆ ಹೆಚ್ಚು ತೃಪ್ತಿಯನ್ನು ವ್ಯಕ್ತಪಡಿಸಿದ್ದರು. ನಮ್ಮ ಉದ್ದೇಶಕ್ಕೂ ವಾರಕ್ಕೊಮ್ಮೆ ಎಂಬುದು ಸಾಕಾಗುತ್ತದೆ. ವಾರದ ಒಂದು ನಿರ್ದಿಷ್ಟ ದಿನ, ನಿರ್ದಿಷ್ಟ ಹೊತ್ತು, ದಿನಾಂಕದೊಂದಿಗೆ ಎರಡು ಸಾಲು. ಒಂದು ವಾರ ತಪ್ಪಿದರೆ ಹಿಂದಿನದನ್ನು ತುಂಬಿಸಲು ಹೋಗದೆ ಆ ವಾರದಿಂದಲೇ ಮುಂದುವರಿಯಿರಿ. ಮುಂದಿನ ಸಲ ಹಿಂದಿರುಗಿ ನೋಡಲು ಕುಳಿತಾಗ ಈ ಸಾಲುಗಳನ್ನಾಗಲಿ ಈ ವರ್ಷದ ಪಟ್ಟಿಯನ್ನಾಗಲಿ ಮೊದಲೇ ತೆರೆಯಬೇಡಿ. ಮೊದಲ ಸಂಜೆಯ ಹಾಳೆಯನ್ನು ನೆನಪಿನಿಂದ ಬರೆದು ಮುಗಿಸಿದ ಮೇಲೆಯೇ ಅವನ್ನು ಕೈಗೆತ್ತಿಕೊಳ್ಳಿ.